ನಡುನೋಟ ಮಸುಕಾಗುವುದೇಕೆ: ಒಂದು ಹುಡುಕಾಟದ ಚರಿತ್ರೆ

ಮುಪ್ಪಿನಲ್ಲಿ ಕಣ್ಣು ಮಂಜಾಗುವುದಕ್ಕೆ ಹಲವು ದಾರಿಗಳಿವೆ. ಪೊರೆ ಬಂದರೆ ಇಡೀ ನೋಟಕ್ಕೆ ಮುಸುಕು ಬೀಳುತ್ತದೆ. ಗ್ಲಾಕೋಮಾ ಬಂದರೆ ನೋಟ ಅಂಚುಗಳಿಂದ ಒಳಕ್ಕೆ ಕುಗ್ಗುತ್ತ ಬರುತ್ತದೆ. ಮ್ಯಾಕ್ಯುಲರ್ ಡಿಜನರೇಶನ್ ಎಂಬ ಕಾಯಿಲೆಯ ರೀತಿ ಬೇರೆ. ಅದು ನೋಟದ ನಟ್ಟನಡುವನ್ನೇ ತಿನ್ನುತ್ತದೆ. ಎದುರು ಕೂತವರ ಕಿವಿ, ಹೆಗಲು, ಬೆನ್ನ ಹಿಂದಿನ ಗೋಡೆ ಎಲ್ಲ ಕಾಣುತ್ತವೆ, ಮುಖ ಮಾತ್ರ ಕಾಣುವುದಿಲ್ಲ. ಪತ್ರಿಕೆಯ ಪುಟದ ಅಂಚು ಕಾಣುತ್ತದೆ, ಓದಲೆಂದು ದಿಟ್ಟಿಸಿದ ಅಕ್ಷರ ಅಳಿಸಿಹೋಗುತ್ತದೆ. ಬಾಗಿಲ ಚೌಕಟ್ಟಿನ ನೇರ ಗೆರೆ ಸೊಟ್ಟಗಾಗಿ ತೋರುತ್ತದೆ. ಇದಕ್ಕೆಲ್ಲ ಕಾರಣ ಅಕ್ಷಿಪಟಲದ ನಡುವಿನ ಮ್ಯಾಕುಲಾ ಎಂಬ ಭಾಗ ಸವೆಯುವುದು. ಅದರ ಅಗಲ ಸುಮಾರು ಐದೂವರೆ ಮಿಲಿಮೀಟರು. ಓದುವುದು, ಸೂಜಿಗೆ ದಾರ ಪೋಣಿಸುವುದು, ಗುರುತು ಹಿಡಿಯುವುದು ಎಲ್ಲವೂ ಆ ಪುಟ್ಟ ಜಾಗದ ಕೆಲಸ. 2020ರ ಹೊತ್ತಿಗೆ ಜಗತ್ತಿನಲ್ಲಿ 19.6 ಕೋಟಿ ಜನರಲ್ಲಿ ಈ ಕಾಯಿಲೆಯ ಒಂದಲ್ಲ ಒಂದು ಹಂತ ಇರಬಹುದೆಂದೂ 2040ರಲ್ಲಿ ಆ ಸಂಖ್ಯೆ 28.8 ಕೋಟಿಗೆ ಮುಟ್ಟಬಹುದೆಂದೂ 2014ರ ಒಂದು ಅಂದಾಜು ಹೇಳಿತ್ತು.

ಇಷ್ಟು ವ್ಯಾಪಕವಾದ ಕಾಯಿಲೆಯ ಮೂಲವನ್ನು ಹುಡುಕಲು ವೈದ್ಯಶಾಸ್ತ್ರಕ್ಕೆ ಒಂದೂವರೆ ಶತಮಾನ ಹಿಡಿಯಿತು. ಈ ಹುಡುಕಾಟದ ಕಥೆಯನ್ನು ಸಾಮಾನ್ಯವಾಗಿ 2005ರಿಂದ ಹೇಳುತ್ತಾರೆ. ಆ ವರ್ಷ ಜೀನೋಮ್ ಯಂತ್ರಗಳು ಒಂದು ವಂಶವಾಹಿಯನ್ನು ಹಿಡಿದುಕೊಟ್ಟವು, ಅಲ್ಲಿಂದ ಎಲ್ಲವೂ ಬೆಳಕಿಗೆ ಬಂತು ಎಂಬುದು ಆ ಕಥೆಯ ಸಾರ. ನನ್ನ ವಾದ ಇದಕ್ಕಿಂತ ಬೇರೆ. ಸಸ್ತನಿಗಳಲ್ಲಿ ಮ್ಯಾಕುಲಾ ಇರುವುದು ಮನುಷ್ಯನಿಗೂ ಮಂಗಗಳ ಬಳಗಕ್ಕೂ ಮಾತ್ರ. ಪ್ರಯೋಗಶಾಲೆಯ ಇಲಿಗಾಗಲಿ ಮೊಲಕ್ಕಾಗಲಿ ಅದಿಲ್ಲ. ಬೇರೆ ಕಾಯಿಲೆಗಳಲ್ಲಿ ಪ್ರಾಣಿಯ ಮೈಯಲ್ಲಿ ರೋಗ ಹುಟ್ಟಿಸಿ ಮೂಲ ತಿಳಿಯುವ ದಾರಿಯಿದೆ, ಇಲ್ಲಿ ಅದು ಮೊದಲಿಂದಲೂ ಮುಚ್ಚಿತ್ತು. ಹಾಗಾಗಿ ಎಎಂಡಿ ಎಂದು ವೈದ್ಯರು ಕರೆಯುವ ಈ ಕಾಯಿಲೆಯ ಬಗ್ಗೆ ಗಟ್ಟಿಯಾಗಿ ತಿಳಿದದ್ದೆಲ್ಲ ಬಂದದ್ದು ಎರಡು ಕಡೆಯಿಂದ: ಸತ್ತ ಮೇಲೆ ತಮ್ಮ ಕಣ್ಣನ್ನು ಬಿಟ್ಟುಹೋದ ವೃದ್ಧರಿಂದ, ಮತ್ತು ಬದುಕಿರುವಾಗ ಹತ್ತಾರು ವರ್ಷ ಕ್ಯಾಮೆರಾದ ಮುಂದೆ ಕಣ್ಣರಳಿಸಿ ಕೂತ ಸಾಮಾನ್ಯ ಊರಿನ ಜನರಿಂದ. ಜೀನೋಮ್ ಯಂತ್ರ ಓದಿದ್ದು ಇವರು ಬರೆದಿಟ್ಟಿದ್ದನ್ನೇ.

ಮೊದಲ ಸಾಕ್ಷ್ಯ ಸಿಕ್ಕಿದ್ದು ಶವಗಳ ಕಣ್ಣಿನಲ್ಲಿ. 1854ರಲ್ಲಿ ಕಾರ್ಲ್ ವೇಡ್ಲ್, ಮರುವರ್ಷ ಉಟ್ರೆಕ್ಟ್‌ನ ಫ್ರಾನ್ಸಿಸ್ಕಸ್ ಡೊಂಡರ್ಸ್ ವೃದ್ಧರ ಕಣ್ಣುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಕ್ಷಿಪಟಲದ ಅಡಿಯಲ್ಲಿ ಹೊಳೆಯುವ ಪುಟ್ಟ ಗುಂಡುಗಳನ್ನು ವರ್ಣಿಸಿದರು. 1856ರಲ್ಲಿ ಹೈನ್ರಿಕ್ ಮ್ಯುಲ್ಲರ್ ಅವನ್ನು ಡ್ರೂಸೆನ್ ಎಂದು ಕರೆದ. ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಅಕ್ಷಿಪಟಲದ ಬೆಳಕು ಹಿಡಿಯುವ ಕೋಶಗಳ ಕೆಳಗೆ ಕಪ್ಪು ವರ್ಣಕೋಶಗಳ ಒಂದು ಸಾಲಿದೆ. ಅದರ ಕೆಳಗೆ ಬ್ರೂಕ್ ಪದರ, ಅದಕ್ಕೂ ಕೆಳಗೆ ಕೋರಾಯ್ಡ್ ಎಂಬ ರಕ್ತನಾಳಗಳ ಹಾಸು. ಡ್ರೂಸೆನ್ ಕೂರುವುದು ವರ್ಣಕೋಶಗಳಿಗೂ ಬ್ರೂಕ್ ಪದರಕ್ಕೂ ನಡುವೆ. ವರ್ಣಕೋಶದ ನ್ಯೂಕ್ಲಿಯಸ್ಸೇ ರೂಪಾಂತರಗೊಂಡು ಈ ಗುಂಡಾಗುತ್ತದೆ ಎಂದು ಡೊಂಡರ್ಸ್ ನಂಬಿದ್ದ. ಅಲ್ಲ, ಕೋಶ ಬದುಕಿದ್ದೇ ಹೊರಕ್ಕೆ ಸುರಿಸುವ ವಸ್ತು ಅಲ್ಲಿ ಶೇಖರವಾಗುತ್ತದೆ ಎಂದು ಮ್ಯುಲ್ಲರ್ ಹೇಳಿದ. ಈ ಜಗಳ ಹಳೆಯದೆಂದು ದಾಟಿಹೋಗುವಂತಿಲ್ಲ. ಡ್ರೂಸೆನ್ ಸತ್ತ ಕೋಶದ ಅವಶೇಷವೋ, ಬದುಕಿರುವ ಕೋಶದ ಸಂಕಟದ ಗುರುತೋ ಎಂಬ ಪ್ರಶ್ನೆಯ ಮೇಲೆಯೇ ಮುಂದಿನ ಎಲ್ಲ ಸಂಶೋಧನೆಯೂ ನಿಂತಿತು.

ಅದೇ ಹೊತ್ತಿಗೆ ಬದುಕಿರುವವರ ಕಣ್ಣೊಳಗೆ ಇಣುಕುವ ಉಪಕರಣವೂ ಬಂತು. ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಆಫ್ತಾಲ್ಮೋಸ್ಕೋಪನ್ನು ಪ್ರಕಟಿಸಿದ. 1874ರಲ್ಲಿ ಲಂಡನ್ನಿನಲ್ಲಿ ಜೊನಾಥನ್ ಹಚಿನ್ಸನ್ ಮತ್ತು ವಾರನ್ ಟೇ ವೃದ್ಧರ ಎರಡೂ ಕಣ್ಣುಗಳ ನಡುಭಾಗದಲ್ಲಿ ಸಮವಾಗಿ ಕಾಣುವ ಬಿಳಿಚುಕ್ಕೆಗಳ ಕಾಯಿಲೆಯನ್ನು ವರದಿ ಮಾಡಿದರು. 1885ರಲ್ಲಿ ಒಟ್ಟೋ ಹಾಬ್ ಅದನ್ನು ಮುಪ್ಪಿನ ಮ್ಯಾಕುಲಾ ಕಾಯಿಲೆಯೆಂದು ಗುರುತಿಸಿದ. 1926ರಲ್ಲಿ ಯೂನಿಯಸ್ ಮತ್ತು ಕುಂಟ್, ಮ್ಯಾಕುಲಾದ ಮೇಲೆ ತಟ್ಟೆಯಾಕಾರದ ಗಾಯದ ಕಲೆ ಮೂಡುವ ಇನ್ನೊಂದು ಸ್ಥಿತಿಯ ಮೇಲೆ ಇಡೀ ಪುಸ್ತಕವನ್ನೇ ಬರೆದರು. ಬಿಳಿಚುಕ್ಕೆಯ ಕಾಯಿಲೆ ಒಂದು, ತಟ್ಟೆಕಲೆಯ ಕಾಯಿಲೆ ಇನ್ನೊಂದು ಎಂದೇ ದಶಕಗಳ ಕಾಲ ಬಗೆದರು. ಇವೆಲ್ಲ ಒಂದೇ ರೋಗದ ಬೇರೆ ಬೇರೆ ಹಂತಗಳೆಂದು ಸ್ಪಷ್ಟವಾಗಿ ತೋರಿಸಿಕೊಟ್ಟವರು ಮಯಾಮಿಯ ಡೊನಾಲ್ಡ್ ಗ್ಯಾಸ್, 1967ರಲ್ಲಿ. ಅದಕ್ಕೆ ಅವರಿಗೆ ನೆರವಾದದ್ದು ಫ್ಲೋರೊಸೀನ್ ಬಣ್ಣವನ್ನು ರಕ್ತನಾಳಕ್ಕೆ ಹಾಕಿ ಕಣ್ಣಿನ ಚಿತ್ರ ತೆಗೆಯುವ ವಿಧಾನ. ಇಂಡಿಯಾನಾದ ನೊವೊಟ್ನಿ ಮತ್ತು ಆಲ್ವಿಸ್ ಎಂಬಿಬ್ಬರು ವೈದ್ಯಕೀಯ ವಿದ್ಯಾರ್ಥಿಗಳು ಅದನ್ನು 1961ರಲ್ಲಿ ಪ್ರಕಟಿಸಿದ್ದರು.

ಒಂದೇ ರೋಗವನ್ನು ಎರಡಾಗಿ ಕಂಡದ್ದು ಯಾರ ಅಸಡ್ಡೆಯೂ ಅಲ್ಲ. ಆಸ್ಪತ್ರೆಯ ವೈದ್ಯರು ನೋಡುತ್ತಿದ್ದದ್ದು ಬದುಕಿರುವ ಕಣ್ಣನ್ನು. ರೋಗಶಾಸ್ತ್ರಜ್ಞರು ನೋಡುತ್ತಿದ್ದದ್ದು ಸತ್ತವರ ಕಣ್ಣನ್ನು. ಒಬ್ಬರ ಟಿಪ್ಪಣಿಯಲ್ಲಿದ್ದ ಮನುಷ್ಯ ಇನ್ನೊಬ್ಬರ ಮೇಜಿನ ಮೇಲೆ ಬರುತ್ತಿರಲಿಲ್ಲ. ಈ ಕಂದಕವನ್ನು ದಾಟಿದವರು ಸಿಡ್ನಿಯ ಶರ್ಲಿ ಸಾರ್ಕ್ಸ್. ಈ ಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದಷ್ಟು ಜಾಗವನ್ನು ಜನಪ್ರಿಯ ಬರಹಗಳು ಕೊಟ್ಟಿಲ್ಲವೆಂದು ನನಗೆ ಬಲವಾಗಿ ಅನಿಸುತ್ತದೆ. ಅವರು ವೃದ್ಧರ ಕಣ್ಣನ್ನು ಜೀವವಿರುವಾಗಲೇ ಪರೀಕ್ಷಿಸಿ, ಏನು ಕಂಡಿತೆಂದು ಬರೆದಿಟ್ಟುಕೊಂಡು, ಆ ವೃದ್ಧರು ತೀರಿಕೊಂಡ ಮೇಲೆ ಅದೇ ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಡಿ ನೋಡಿದರು. 1976ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 216 ಮಂದಿಯ 378 ಕಣ್ಣುಗಳಿದ್ದವು. ಹೊರಗಿನಿಂದ ಮಸುಕು ಹಳದಿ ಚುಕ್ಕೆಯಾಗಿ ಕಂಡದ್ದು ಒಳಗೆ ಏನು, ವರ್ಣಕೋಶ ಕೆಡುವ ಮುನ್ನ ಅದರ ಬುಡದಲ್ಲಿ ಯಾವ ಪದರ ದಪ್ಪಗಾಗುತ್ತದೆ, ಹೊಸ ರಕ್ತನಾಳ ಬ್ರೂಕ್ ಪದರವನ್ನು ಎಲ್ಲಿ ಸೀಳಿಕೊಂಡು ಬರುತ್ತದೆ ಎಂಬುದನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ರೋಗ ಶುರುವಾಗುವುದು ಬೆಳಕು ಹಿಡಿಯುವ ಕೋಶಗಳಲ್ಲಲ್ಲ, ಅವುಗಳ ಬುಡದ ಕೆಳಗೆ ಎಂಬುದು ಇದರಿಂದ ಗಟ್ಟಿಯಾಯಿತು. ಯಾವ ಪ್ರಾಣಿಯ ಮೇಲೂ ಮಾಡಲಾಗದ ಕೆಲಸ ಇದು. ಅದಕ್ಕೆ ಬೇಕಾದದ್ದು ಮನುಷ್ಯರ ಒಪ್ಪಿಗೆ ಮತ್ತು ವರ್ಷಗಟ್ಟಲೆ ತಾಳ್ಮೆ.

ಆ ಬುಡದಲ್ಲಿ ಕೂತದ್ದಾದರೂ ಏನು? 1980ರ ದಶಕದಿಂದ ಲಂಡನ್ನಿನಲ್ಲಿ ಅಲನ್ ಬರ್ಡ್ ಮತ್ತು ಸಂಗಡಿಗರು, ಆಮೇಲೆ ಅಮೆರಿಕದ ಬರ್ಮಿಂಗ್‌ಹ್ಯಾಮಿನಲ್ಲಿ ಕ್ರಿಸ್ಟೀನ್ ಕರ್ಸಿಯೊ ಈ ಪ್ರಶ್ನೆಯ ಬೆನ್ನುಹತ್ತಿದರು. ದಾನವಾಗಿ ಬಂದ ಕಣ್ಣುಗಳ ತೆಳು ಹೋಳುಗಳಿಗೆ ಕೊಬ್ಬನ್ನು ಕೆಂಪಾಗಿಸುವ ಬಣ್ಣ ಹಾಕಿ ನೋಡಿದಾಗ, ಎಳೆಯರ ಬ್ರೂಕ್ ಪದರ ಬಹುಮಟ್ಟಿಗೆ ಸ್ವಚ್ಛವಾಗಿತ್ತು, ವಯಸ್ಸಾದವರದು ಕೆಂಪೇರಿತ್ತು. ಮೇಲಿನ ಕೋಶಗಳಿಗೆ ರಕ್ತದಿಂದ ಪೋಷಕಾಂಶ ಬರಬೇಕಾದರೂ, ಅವುಗಳ ಕಸ ರಕ್ತಕ್ಕೆ ಇಳಿಯಬೇಕಾದರೂ ಈ ಪದರವನ್ನು ದಾಟಲೇಬೇಕು. ಹಲವು ವರ್ಷ ಎಣ್ಣೆ ಸೋಸಿದ ಬಟ್ಟೆಯ ಹಾಗೆ ಅದು ವಯಸ್ಸಿನೊಂದಿಗೆ ಜಿಡ್ಡುಗಟ್ಟುತ್ತದೆ. ಕರ್ಸಿಯೊ ಮತ್ತು ಅವರ ತಂಡ ತೋರಿಸಿದ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಈ ಕೊಬ್ಬಿನ ದೊಡ್ಡ ಪಾಲು ರಕ್ತದಿಂದ ಸೋರಿ ಬಂದದ್ದಲ್ಲ. ವರ್ಣಕೋಶಗಳೇ ಕೊಬ್ಬಿನ ಕಣಗಳನ್ನು ಕಟ್ಟಿ ಹೊರಗೆ ಹಾಕುತ್ತವೆ. 1856ರ ಮ್ಯುಲ್ಲರ್‌ನ ಅಭಿಪ್ರಾಯಕ್ಕೆ ಸುಮಾರು ನೂರೈವತ್ತು ವರ್ಷಗಳ ಬಳಿಕ ಸಿಕ್ಕ ಸಮರ್ಥನೆಯಿದು. ರಕ್ತದ ಕೊಲೆಸ್ಟರಾಲ್ ಮಟ್ಟಕ್ಕೂ ಎಎಂಡಿಗೂ ಹೃದಯರೋಗದಷ್ಟು ನೇರ ಸಂಬಂಧ ಏಕೆ ಸಿಗುವುದಿಲ್ಲ ಎಂಬುದಕ್ಕೂ ಇದು ಸ್ವಲ್ಪಮಟ್ಟಿನ ವಿವರಣೆ.

ದಾನದ ಕಣ್ಣುಗಳು ರೋಗ ಎಲ್ಲಿ, ಯಾವುದರಿಂದ ಎಂದು ಹೇಳಿದವು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಅವು ಹೇಳಲಾರವು. ಅದಕ್ಕೆ ಊರಿಗೆ ಊರನ್ನೇ ಪರೀಕ್ಷಿಸಬೇಕು. ಅಮೆರಿಕದ ಫ್ರೇಮಿಂಗ್‌ಹ್ಯಾಮಿನಲ್ಲಿ ಹೃದಯದ ಅಧ್ಯಯನಕ್ಕೆ ಬಂದಿದ್ದವರ ಕಣ್ಣನ್ನು 1973ರಿಂದ 75ರವರೆಗೆ ನೋಡಲಾಯಿತು. ಆಮೇಲೆ ವಿಸ್ಕಾನ್ಸಿನ್‌ನ ಬೀವರ್ ಡ್ಯಾಮ್ ಎಂಬ ಪಟ್ಟಣ. 1988ರಿಂದ 90ರ ನಡುವೆ ಅಲ್ಲಿನ 43ರಿಂದ 84 ವಯಸ್ಸಿನ 4,926 ಮಂದಿ ಕಣ್ಣು ತೋರಿಸಿಕೊಂಡರು. ಅವರನ್ನು ಐದೈದು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಕರೆದು ನೋಡಿದರು. ಆಸ್ಟ್ರೇಲಿಯದ ಬ್ಲೂ ಮೌಂಟನ್ಸ್ ಸೀಮೆಯಲ್ಲಿ 3,654 ಮಂದಿ. ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಇನ್ನೊಂದು ದೊಡ್ಡ ಸಮೂಹ. ಈ ಕೆಲಸದ ಬಹುಭಾಗ ನಡೆದದ್ದು ಮೇಜಿನ ಮೇಲೆ. ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದ ಪರೀಕ್ಷಕರು ಅಕ್ಷಿಪಟಲದ ಬಣ್ಣದ ಸ್ಲೈಡುಗಳನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಅಳತೆಯ ವೃತ್ತಗಳಿರುವ ಪಾರದರ್ಶಕ ಹಾಳೆಯನ್ನು ಮೇಲೆ ಹೊದಿಸಿ, ಒಂದೊಂದು ಡ್ರೂಸೆನ್ನಿನ ಗಾತ್ರವನ್ನೂ ಅಳೆಯುತ್ತಿದ್ದರು. 125 ಮೈಕ್ರಾನ್ ಮೀರಿದರೆ ದೊಡ್ಡದು. ಆ ಗಾತ್ರ ಕಣ್ಣಿನ ನರದ ಅಂಚಿನಲ್ಲಿ ಹಾಯುವ ದೊಡ್ಡ ರಕ್ತನಾಳದ ಅಗಲದಷ್ಟು. ಸಣ್ಣ ಗಟ್ಟಿ ಚುಕ್ಕೆಗಳು ಬಹುತೇಕ ಎಲ್ಲ ವೃದ್ಧರಲ್ಲೂ ಇವೆ, ಅವುಗಳಿಂದ ಹೆಚ್ಚೇನೂ ಹಾನಿಯಿಲ್ಲ. ದೊಡ್ಡ, ಮೆತ್ತನೆಯ ಚುಕ್ಕೆಗಳೇ ಮುಂದೆ ಕುರುಡಿಗೆ ಒಯ್ಯುವಂಥವು ಎಂಬುದು ಹೀಗೆ ಎಣಿಸಿ ಎಣಿಸಿ ತಿಳಿಯಿತು.

ಧೂಮಪಾನದ ಪಾತ್ರ ಹೊರಬಿದ್ದದ್ದೂ ಹೀಗೆಯೇ. 1996ರಲ್ಲಿ ಅಮೆರಿಕದ 31,843 ನರ್ಸುಗಳ ಮತ್ತು 21,157 ಪುರುಷ ವೈದ್ಯರ ಎರಡು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಸಿಗರೇಟು ಸೇದುವವರಲ್ಲಿ ರೋಗದ ಅಪಾಯ ಸೇದದವರಿಗಿಂತ ಸುಮಾರು ಎರಡೂವರೆ ಪಟ್ಟು ಎಂದು ಎರಡೂ ಹೇಳಿದವು. 2001ರಲ್ಲಿ ಬೀವರ್ ಡ್ಯಾಮ್, ಬ್ಲೂ ಮೌಂಟನ್ಸ್, ರಾಟರ್‌ಡ್ಯಾಮ್ ಮೂರನ್ನೂ ಕೂಡಿಸಿ 14,752 ಮಂದಿಯ ಲೆಕ್ಕ ಹಾಕಿದಾಗ, ವಯಸ್ಸನ್ನು ಬಿಟ್ಟರೆ ಮೂರು ಖಂಡಗಳಲ್ಲೂ ತಪ್ಪದೆ ನಿಂತ ಕಾರಣ ತಂಬಾಕೊಂದೇ. ಬಲಿತ ರೋಗ 55ರಿಂದ 64ರವರಲ್ಲಿ ಶೇ 0.2 ಇದ್ದದ್ದು 85 ದಾಟಿದವರಲ್ಲಿ ಶೇ 13ಕ್ಕೆ ಏರಿತ್ತು. ಬಿಸಿಲಿನ ವಿಷಯ ಅಷ್ಟು ಸರಳವಾಗಲಿಲ್ಲ. ಚೆಸಪೀಕ್ ಕೊಲ್ಲಿಯಲ್ಲಿ ಏಡಿ, ಸಿಂಪಿ ಹಿಡಿಯುವ 838 ಬೆಸ್ತರು ಜೀವನವಿಡೀ ನೀರಿನ ಮೇಲಿನ ಬೆಳಕಿನಲ್ಲಿ ದುಡಿದವರು. ಅತಿನೇರಳೆ ಕಿರಣಕ್ಕೂ ಈ ರೋಗಕ್ಕೂ ಅವರಲ್ಲಿ ನಂಟು ಕಾಣಲಿಲ್ಲ. ನೀಲಿ ಬೆಳಕಿಗೂ ಬಲಿತ ರೋಗಕ್ಕೂ ನಂಟು ಕಂಡಿತಾದರೂ ಬಲಿತ ರೋಗವಿದ್ದವರು ಬೆರಳೆಣಿಕೆಯಷ್ಟು ಮಂದಿ. ಇವತ್ತು ಮೊಬೈಲಿನ ನೀಲಿ ಬೆಳಕಿನ ಹೆಸರಲ್ಲಿ ಕನ್ನಡಕ ಮಾರುವವರು ಇಷ್ಟು ತೆಳ್ಳಗಿನ ಸಾಕ್ಷ್ಯದ ಮೇಲೆ ಜನರನ್ನು ಹೆದರಿಸುವುದು ಸರಿಯಲ್ಲ.

ದಾನದ ಕಣ್ಣು, ಊರಿನ ಎಣಿಕೆ ಎಂಬ ಈ ಎರಡೂ ದಾರಿಗಳು ಕೂಡಿದ್ದು ಡ್ರೂಸೆನ್ನಿನ ಒಳಗೆ. ಅಯೋವಾದಲ್ಲಿ ಗ್ರೆಗರಿ ಹೇಗ್‌ಮನ್, ಸಾಂತಾ ಬಾರ್ಬರಾದಲ್ಲಿ ಡಾನ್ ಆಂಡರ್ಸನ್ ಮತ್ತು ಲಿಂಕನ್ ಜಾನ್ಸನ್ 1990ರ ದಶಕದಲ್ಲಿ ದಾನದ ಕಣ್ಣುಗಳಿಂದ ಆ ಗುಂಡುಗಳನ್ನು ತೆಗೆದು ಅವುಗಳಲ್ಲಿ ಯಾವ ಯಾವ ಪ್ರೋಟೀನು ಇದೆ ಎಂದು ಒಂದೊಂದಾಗಿ ಹುಡುಕಿದರು. 2002ರಲ್ಲಿ ಇನ್ನೊಂದು ತಂಡ ಒಟ್ಟು 129 ಪ್ರೋಟೀನುಗಳ ಪಟ್ಟಿಯನ್ನೇ ಕೊಟ್ಟಿತು. ಅವುಗಳಲ್ಲಿ ಎದ್ದು ಕಂಡದ್ದು ಕಾಂಪ್ಲಿಮೆಂಟ್ ವ್ಯವಸ್ಥೆಯವು. ರಕ್ತದಲ್ಲಿ ಸದಾ ತಿರುಗುವ ಈ ಪ್ರೋಟೀನುಗಳು ರೋಗಾಣು ಕಂಡರೆ ಒಂದರ ಹಿಂದೊಂದು ಚುರುಕಾಗಿ, ಕೊನೆಗೆ ಅದರ ಗೋಡೆಗೆ ತೂತು ಕೊರೆಯುತ್ತವೆ. ಹಾಗೆ ತೂತು ಕೊರೆಯುವ ಕೊನೆಯ ಕಟ್ಟು ಸಿ5ಬಿ-9 ಡ್ರೂಸೆನ್ನಿನಲ್ಲೇ ಸಿಕ್ಕಿತು. ಯಾವ ಸೋಂಕೂ ಇಲ್ಲದ ಕಣ್ಣಿನಲ್ಲಿ ದೇಹದ ರಕ್ಷಣಾಪಡೆ ಏಕೆ ಹೋರಾಡುತ್ತಿತ್ತು? ಮೂತ್ರಪಿಂಡದ ಒಂದು ಅಪರೂಪದ ಕಾಯಿಲೆಯಲ್ಲಿ, ಚಿಕ್ಕ ವಯಸ್ಸಿನವರಲ್ಲೇ, ಇಂಥದೇ ಡ್ರೂಸೆನ್ ಬರುತ್ತವೆ. ಅಲ್ಲಿ ಕಾಂಪ್ಲಿಮೆಂಟ್ ಕಡಿವಾಣ ತಪ್ಪಿರುವುದು ಮೊದಲೇ ಗೊತ್ತಿತ್ತು. ಡ್ರೂಸೆನ್ ಉರಿಯೂತದ ಗುರುತು ಎಂಬ ಮಾತನ್ನು ಹೇಗ್‌ಮನ್ ತಂಡ 2001ರಲ್ಲೇ, ಅಂದರೆ ಕಾಂಪ್ಲಿಮೆಂಟಿನ ಜೀನ್ ಸಿಗುವುದಕ್ಕೂ ನಾಲ್ಕು ವರ್ಷ ಮೊದಲು, ಪೂರ್ಣ ಸಿದ್ಧಾಂತವಾಗಿ ಮುಂದಿಟ್ಟಿತು.

ವಂಶವಾಹಿಯ ದಾರಿಯಲ್ಲಿ ಆವರೆಗೆ ಸೋಲೇ ಹೆಚ್ಚು. ಆಕ್ಸ್‌ಫರ್ಡಿನ ರಾಬರ್ಟ್ ಡೊಯ್ನ್ 1899ರಲ್ಲಿ ಒಂದೇ ಕುಟುಂಬದ ಹಲವರಲ್ಲಿ ಜೇನುಗೂಡಿನಂಥ ಡ್ರೂಸೆನ್ ಕಂಡಿದ್ದ. ಅದರ ಜೀನು ಸರಿಯಾಗಿ ನೂರು ವರ್ಷದ ನಂತರ, 1999ರಲ್ಲಿ ಸಿಕ್ಕಿತು. ಆದರೆ ಸಾಮಾನ್ಯ ಎಎಂಡಿಯವರಲ್ಲಿ ಆ ದೋಷವಿರಲಿಲ್ಲ. 1997ರಲ್ಲಿ ಎಬಿಸಿಆರ್ ಎಂಬ ಇನ್ನೊಂದು ಜೀನನ್ನು ಸಾಮಾನ್ಯ ಎಎಂಡಿಯ ಮೂಲವೆಂದು ಮುಂದಿಟ್ಟರು; ಅದೂ ವಿವಾದದಲ್ಲಿ ಮುಳುಗಿತು. ಎರಡನೆಯ ಮಹಾಯುದ್ಧದಲ್ಲಿ ದುಡಿದ ಅಮೆರಿಕದ 840 ಅವಳಿ ಸೈನಿಕರನ್ನು ಪರೀಕ್ಷಿಸಿದ ಅಧ್ಯಯನ, ರೋಗದ ತೀವ್ರತೆಯಲ್ಲಿನ ವ್ಯತ್ಯಾಸದಲ್ಲಿ ಶೇ 46ರಿಂದ 71ರಷ್ಟಕ್ಕೆ ವಂಶವೇ ಕಾರಣ ಎಂದಿತು. 1998ರಲ್ಲಿ ಒಂದು ದೊಡ್ಡ ಕುಟುಂಬದ ಅಧ್ಯಯನ ಒಂದನೆಯ ಕ್ರೋಮೋಸೋಮಿನ ಕಡೆ ಬೆರಳು ತೋರಿತ್ತು. 2005ರ ಏಪ್ರಿಲ್‌ನಲ್ಲಿ ಒಂದೇ ಸಲ ಮೂರು ತಂಡಗಳು, ಸ್ವಲ್ಪ ದಿನದಲ್ಲೇ ಹೇಗ್‌ಮನ್ ತಂಡ ನಾಲ್ಕನೆಯದಾಗಿ, ಅದೇ ಜಾಗದಲ್ಲಿ ಅದೇ ಜೀನನ್ನು ಹೆಸರಿಸಿದವು: ಕಾಂಪ್ಲಿಮೆಂಟ್ ಫ್ಯಾಕ್ಟರ್ ಎಚ್. ಕಾಂಪ್ಲಿಮೆಂಟಿಗೆ ಕಡಿವಾಣ ಹಾಕುವ ಪ್ರೋಟೀನು ಇದು. ಅದರ 402ನೆಯ ಸ್ಥಾನದಲ್ಲಿ ಟೈರೋಸಿನ್ ಬದಲು ಹಿಸ್ಟಿಡಿನ್ ಬಂದರೆ ಕಣ್ಣಿಗೆ ಅಪಾಯ ಹೆಚ್ಚುತ್ತದೆ. ತಂದೆ ತಾಯಿ ಇಬ್ಬರಿಂದಲೂ ಅದನ್ನು ಪಡೆದವರಲ್ಲಿ ಅಪಾಯ 7.4 ಪಟ್ಟು ಎಂದು ಆ ಮೂರರಲ್ಲಿ ಒಂದು ತಂಡ ಲೆಕ್ಕ ಹಾಕಿತು.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಆ ತಂಡದ ರಾಬರ್ಟ್ ಕ್ಲೈನ್, ಜೋಸೆಫೀನ್ ಹೋ ಮೊದಲಾದವರು ಡ್ರೂಸೆನ್ನಿನ ರಸಾಯನವನ್ನು ನಂಬಿ ಹೊರಟವರಲ್ಲ. ಯಾವ ಪೂರ್ವಕಲ್ಪನೆಯೂ ಇಲ್ಲದೆ ಇಡೀ ಜೀನೋಮಿನ 1,16,204 ಜಾಗಗಳನ್ನು ಜಾಲಾಡಿದರು. ಉತ್ತರ ತಾನಾಗಿ ಎದ್ದು ನಿಂತಿತು. ಹಾಗಾದರೆ ರೋಗಶಾಸ್ತ್ರಜ್ಞರಿಲ್ಲದಿದ್ದರೂ ಇದು ಸಿಗುತ್ತಿತ್ತಲ್ಲ? ಸಿಗುತ್ತಿತ್ತು ಎಂಬುದನ್ನು ಒಪ್ಪಬೇಕು. ಆದರೆ ಅವರ ಅಧ್ಯಯನದಲ್ಲಿ ರೋಗಿಗಳು ಬರೀ 96 ಮಂದಿ, ರೋಗವಿಲ್ಲದವರು 50. ಇಷ್ಟು ಕಡಿಮೆ ಜನರಲ್ಲಿ ಇಷ್ಟು ಸ್ಪಷ್ಟ ಉತ್ತರ ಸಿಕ್ಕಿದ್ದಕ್ಕೆ ಎರಡು ಕಾರಣಗಳು. ಆ ಜೀನಿನ ಪ್ರಭಾವ ದೊಡ್ಡದು ಎಂಬುದು ಒಂದು. ಯಾರು ನಿಜವಾದ ರೋಗಿ, ಯಾರ ಕಣ್ಣು ನಿಜಕ್ಕೂ ಸ್ವಚ್ಛ ಎಂಬುದು ಮೊದಲೇ ಅಳೆದು ತೂಗಿ ತೀರ್ಮಾನವಾಗಿತ್ತು ಎಂಬುದು ಇನ್ನೊಂದು. ಅವರೆಲ್ಲ 1992ರಿಂದ ವಿಟಮಿನ್ ಮತ್ತು ಸತುವಿನ ಮಾತ್ರೆಯನ್ನು ಪರೀಕ್ಷಿಸುತ್ತಿದ್ದ ಏರೆಡ್ಸ್ ಎಂಬ ದೊಡ್ಡ ಪ್ರಯೋಗಕ್ಕೆ ಸೇರಿ, ವರ್ಷ ವರ್ಷ ಅಕ್ಷಿಪಟಲದ ಚಿತ್ರ ತೆಗೆಸಿಕೊಂಡವರು. ಮ್ಯಾಡಿಸನ್ನಿನ ಬೆಳಕಿನ ಪೆಟ್ಟಿಗೆಯ ಶಿಸ್ತೇ ಅಲ್ಲೂ ಇತ್ತು. ಅಲ್ಲದೆ, ಫ್ಯಾಕ್ಟರ್ ಎಚ್ ಎಂಬ ಹೆಸರು ಒಂದೇ ಬಂದಿದ್ದರೆ ಅದು ಕಣ್ಣಿನಲ್ಲಿ ಏನು ಮಾಡುತ್ತದೆ ಎಂದು ಹುಡುಕುವುದಕ್ಕೆ ಇನ್ನೂ ಹತ್ತು ವರ್ಷ ಬೇಕಾಗುತ್ತಿತ್ತೇನೋ. ಹೆಸರು ಬಂದ ದಿನವೇ ಅರ್ಥವೂ ತಿಳಿದದ್ದು ಡ್ರೂಸೆನ್ನಿನೊಳಗೆ ಕಾಂಪ್ಲಿಮೆಂಟನ್ನು ಮೊದಲೇ ಕಂಡಿದ್ದವರಿಂದ.

ಇನ್ನೊಂದು ಆಕ್ಷೇಪ ಪ್ರಾಣಿಗಳ ಪರವಾದದ್ದು. ಇವತ್ತು ಲಕ್ಷಾಂತರ ಜನರ ಕಣ್ಣು ಉಳಿಸಿರುವ ಇಂಜೆಕ್ಷನ್ನುಗಳು ಬಂದದ್ದು ವಿಇಜಿಎಫ್ ಎಂಬ ಪ್ರೋಟೀನಿನ ಸಂಶೋಧನೆಯಿಂದ. ನೆಪೊಲಿಯೋನ್ ಫೆರಾರಾ ಅದನ್ನು 1989ರಲ್ಲಿ ಬೇರ್ಪಡಿಸಿದ್ದು ದನದ ಪಿಟ್ಯುಟರಿ ಕೋಶಗಳಿಂದ. ಅದನ್ನು ತಡೆದರೆ ಕಣ್ಣಿನಲ್ಲಿ ಹೊಸ ರಕ್ತನಾಳ ಬೆಳೆಯುವುದು ನಿಲ್ಲುತ್ತದೆಂದು ಖಾತ್ರಿಯಾದದ್ದು ಮಂಗಗಳಲ್ಲಿ. 2006ರಲ್ಲಿ ರಾನಿಬಿಜುಮ್ಯಾಬ್‌ಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಈ ಸಾಧನೆಯನ್ನು ಕಡೆಗಣಿಸುವ ಮಾತೇ ಇಲ್ಲ. ಆದರೆ ವಿಇಜಿಎಫ್ ಈ ರೋಗದ ಕೊನೆಯ ಒಂದು ತಿರುವನ್ನು ನಡೆಸುವ ವಸ್ತು, ರೋಗದ ಬೇರಲ್ಲ. ಮಂಗದ ಕಣ್ಣಿನಲ್ಲಿ ಲೇಸರಿನಿಂದ ಸುಟ್ಟು ರಕ್ತನಾಳ ಹುಟ್ಟಿಸಬಹುದು. ಎಪ್ಪತ್ತು ವರ್ಷದ ಮುಪ್ಪನ್ನು ಹುಟ್ಟಿಸಲಾಗದು. ಪೋರ್ಟೊ ರಿಕೊ ಬಳಿಯ ಕಾಯೊ ಸಾಂತಿಯಾಗೊ ದ್ವೀಪದ ಮುದಿ ರೀಸಸ್ ಮಂಗಗಳಲ್ಲಿ ಡ್ರೂಸೆನ್ ಕಂಡಿವೆ, ನಿಜ; ಆದರೆ ಅವು ಮನುಷ್ಯರ ಹಾಗೆ ಕೊನೆಯ ಹಂತಕ್ಕೆ ಹೋಗುವುದು ತೀರ ಅಪರೂಪ. ಚಿಕಿತ್ಸೆಗೆ ಪ್ರಾಣಿ ದಾರಿ ತೋರಿತು, ಕಾರಣಕ್ಕೆ ಮನುಷ್ಯನೇ ಬೇಕಾಯಿತು.

ಕಾರಣ ಸಿಕ್ಕಿದ್ದರೆ ಔಷಧ ಸೋತದ್ದೇಕೆ ಎಂದು ಕೇಳಬಹುದು. ಕಾಂಪ್ಲಿಮೆಂಟಿನ ಫ್ಯಾಕ್ಟರ್ ಡಿ ತಡೆಯುವ ಲ್ಯಾಂಪಲಿಜುಮ್ಯಾಬ್ 2017ರಲ್ಲಿ ಎರಡು ದೊಡ್ಡ ಪರೀಕ್ಷೆಗಳಲ್ಲಿ ವಿಫಲವಾಯಿತು. ಕಾಂಪ್ಲಿಮೆಂಟಿನದೇ ಇನ್ನೊಂದು ಪ್ರೋಟೀನು ಸಿ3 ತಡೆಯುವ ಪೆಗ್‌ಸೆಟಾಕೊಪ್ಲಾನ್ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಸವೆತದ ವೇಗವನ್ನು ಅದು ಕಡಿಮೆ ಮಾಡುತ್ತದೆ, ಹೋದ ನೋಟ ಮರಳಿಸುವುದಿಲ್ಲ. ಯೂರೋಪಿನ ಔಷಧ ನಿಯಂತ್ರಕರು 2024ರಲ್ಲಿ ಅದನ್ನು ಒಪ್ಪಲಿಲ್ಲ. ಇದರಿಂದ ಕಾಂಪ್ಲಿಮೆಂಟಿನ ಸಿದ್ಧಾಂತವೇ ತಪ್ಪೆಂದು ತೀರ್ಮಾನಿಸುವುದು ಅವಸರದ ಮಾತು. ಸಾರ್ಕ್ಸ್ ಮತ್ತು ಕರ್ಸಿಯೊ ತೋರಿಸಿದಂತೆ ರೋಗ ಶುರುವಾಗುವುದು ನೋಟ ಕೆಡುವುದಕ್ಕೆ ದಶಕಗಳ ಮುಂಚೆ. ಔಷಧ ಕೊಟ್ಟದ್ದು ವರ್ಣಕೋಶಗಳು ಆಗಲೇ ಸಾಯುತ್ತಿದ್ದ ಕಣ್ಣುಗಳಿಗೆ. ಹುಟ್ಟಿದಂದಿನಿಂದ ಇರುವ ಒಂದು ದೋಷ ಐವತ್ತು ವರ್ಷ ಮಾಡಿದ ಹಾನಿಯನ್ನು ಎಂಬತ್ತನೆಯ ವಯಸ್ಸಿನಲ್ಲಿ ತಿದ್ದಹೊರಟಾಗ ಬಂದ ಫಲವನ್ನು ನೋಡಿ, ದೋಷವೇ ಇರಲಿಲ್ಲ ಎನ್ನಲಾಗದು. ಹಾಗೆಂದು ಕಾಂಪ್ಲಿಮೆಂಟೇ ಸರ್ವಸ್ವ ಎನ್ನುವವರನ್ನೂ ನಾನು ಒಪ್ಪಲಾರೆ. 2016ರಲ್ಲಿ 16,144 ರೋಗಿಗಳನ್ನೂ 17,832 ಆರೋಗ್ಯವಂತರನ್ನೂ ಹೋಲಿಸಿದ ಅಂತರರಾಷ್ಟ್ರೀಯ ಅಧ್ಯಯನ ಜೀನೋಮಿನ 34 ಜಾಗಗಳಲ್ಲಿ 52 ವ್ಯತ್ಯಾಸಗಳನ್ನು ಕಂಡಿತು. ಅವುಗಳಲ್ಲಿ ಕಾಂಪ್ಲಿಮೆಂಟಿನವೂ ಇವೆ, ಕೊಬ್ಬನ್ನು ಸಾಗಿಸುವವೂ ಇವೆ, ಕೋಶಗಳ ಹೊರಗಿನ ಹಂದರಕ್ಕೆ ಸೇರಿದವೂ ಇವೆ. ಬಣ್ಣ ಹಾಕಿ ನೋಡಿದವರು ಹಿಂದೆಯೇ ಕಂಡಿದ್ದ ಜಿಡ್ಡು, ಉರಿ, ಪದರದ ದಪ್ಪ ಮೂರೂ ಜೀನುಗಳ ಭಾಷೆಯಲ್ಲಿ ಮತ್ತೆ ಬಂದವು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಬೇರೆಯೇ. ಬೀವರ್ ಡ್ಯಾಮ್, ಬ್ಲೂ ಮೌಂಟನ್ಸ್, ರಾಟರ್‌ಡ್ಯಾಮ್ ಎಲ್ಲವೂ ಹೆಚ್ಚುಕಡಿಮೆ ಯೂರೋಪಿಯನ್ ಮೂಲದ ಜನರ ಊರುಗಳು. ಮನುಷ್ಯರೇ ಸಾಕ್ಷಿ ಎಂದ ಮೇಲೆ ಯಾವ ಮನುಷ್ಯರು ಎಂಬ ಪ್ರಶ್ನೆ ಏಳಲೇಬೇಕು. ಜಪಾನೀಯರಲ್ಲಿ ಫ್ಯಾಕ್ಟರ್ ಎಚ್‌ನ ಆ ಬದಲಾವಣೆ ತೀರ ಕಡಿಮೆ. ಅಲ್ಲಿ ರೋಗದ ಇನ್ನೊಂದು ರೂಪ, ರಕ್ತನಾಳ ಗಂಟುಗಂಟಾಗಿ ಉಬ್ಬುವುದು, ಹೆಚ್ಚು. ನಮ್ಮ ದೇಶದಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯವರು 2006ರಲ್ಲಿ ಭಾರತೀಯ ರೋಗಿಗಳಲ್ಲೂ ಆ ಬದಲಾವಣೆಗೂ ರೋಗಕ್ಕೂ ನಂಟಿದೆಯೆಂದು ತೋರಿಸಿದರು. ಆಂಧ್ರಪ್ರದೇಶದ ಜನಸಮೂಹದ ಅಧ್ಯಯನದಲ್ಲಿ ಸಿಗಾರ್ ಸೇದುತ್ತಿದ್ದವರಲ್ಲಿ ರೋಗ ಹೆಚ್ಚಾಗಿ ಕಂಡಿತು. ದಕ್ಷಿಣದಲ್ಲೂ ಉತ್ತರದಲ್ಲೂ 60 ದಾಟಿದವರನ್ನು ನೋಡಿದ ಇಂಡ್‌ಐ ಅಧ್ಯಯನ ಬಲಿತ ರೋಗ ಶೇ 1.2 ಎಂದು 2010ರಲ್ಲಿ ವರದಿ ಮಾಡಿತು. ನಮ್ಮಲ್ಲಿ ಈ ಲೆಕ್ಕ ತಡವಾಗಿ ಶುರುವಾದದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರಗಳಲ್ಲಿ ಪೊರೆ ತೆಗೆಯುತ್ತಿದ್ದ ದಶಕಗಳಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮುದುಕರ ಕುರುಡು ಎಂದರೆ ಪೊರೆ. ಬಲಿತ ಪೊರೆಯ ಹಿಂದಿರುವ ಅಕ್ಷಿಪಟಲ ಆಫ್ತಾಲ್ಮೋಸ್ಕೋಪಿಗೆ ಕಾಣುವುದಿಲ್ಲ. ಪೊರೆಯ ಶಸ್ತ್ರಕ್ರಿಯೆ ಮನೆಮಾತಾದ ಮೇಲೆಯೇ, ಪೊರೆ ತೆಗೆದರೂ ಮುಖ ಕಾಣದವರ ಪ್ರಶ್ನೆ ನಮ್ಮಲ್ಲಿ ಎದ್ದು ನಿಂತದ್ದು. ಈ ಆಕ್ಷೇಪ ನನ್ನ ವಾದವನ್ನು ಬೀಳಿಸುವುದಿಲ್ಲ, ಇನ್ನಷ್ಟು ಬಿಗಿ ಮಾಡುತ್ತದೆ. ಪ್ರತಿ ಜನಸಮುದಾಯವೂ ತನ್ನ ಸಾಕ್ಷ್ಯವನ್ನು ತಾನೇ ಕೊಡಬೇಕಾದ ಕಾಯಿಲೆ ಇದು.

ಕರ್ನಾಟಕದಲ್ಲಿ ನೇತ್ರದಾನದ ಅರಿವು ಕಡಿಮೆಯೇನಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಪುನೀತ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದರು. ಅದನ್ನು ಕಂಡು ಸಾವಿರಾರು ಜನ ಹೆಸರು ಬರೆಸಿದರು. ಆದರೆ ನಮ್ಮ ಮನಸ್ಸಿನಲ್ಲಿ ನೇತ್ರದಾನವೆಂದರೆ ಕಾರ್ನಿಯಾ, ಇನ್ನೊಬ್ಬರಿಗೆ ಬೆಳಕು. ಅದು ದೊಡ್ಡದೇ. ಕಾರ್ನಿಯಾ ತೆಗೆದ ಮೇಲೂ ಕಣ್ಣಿನ ಹಿಂಭಾಗ, ಮ್ಯಾಕುಲಾ ಮತ್ತು ಬ್ರೂಕ್ ಪದರ ಸಮೇತ, ಸಂಶೋಧನೆಗೆ ಉಳಿದಿರುತ್ತದೆ ಎಂಬುದನ್ನೂ, ಪೊರೆ ಬಂದು ಶಸ್ತ್ರಕ್ರಿಯೆಯಾದ ಎಂಬತ್ತರ ಅಜ್ಜಿಯ ಕಣ್ಣು ಈ ಕೆಲಸಕ್ಕೆ ಎಳೆಯರ ಕಣ್ಣಿಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು ಎಂಬುದನ್ನೂ ಜನರಿಗೆ ತಿಳಿಸುವ ಅಗತ್ಯವಿದೆ. ಏಕೆಂದರೆ ಹುಡುಕಾಟ ಮುಗಿದಿಲ್ಲ. ಫ್ಯಾಕ್ಟರ್ ಎಚ್‌ನಷ್ಟೇ ದೊಡ್ಡ ಅಪಾಯದ ಇನ್ನೊಂದು ಜಾಗ ಹತ್ತನೆಯ ಕ್ರೋಮೋಸೋಮಿನಲ್ಲಿದೆ. ಅಲ್ಲಿ ಎಆರ್‌ಎಂಎಸ್2 ಮತ್ತು ಎಚ್‌ಟಿಆರ್‌ಎ1 ಎಂಬ ಎರಡು ಜೀನುಗಳು ಒತ್ತೊತ್ತಾಗಿ ಕೂತಿವೆ. ಎರಡೂ ಒಟ್ಟಿಗೇ ಮುಂದಿನ ಪೀಳಿಗೆಗೆ ಹೋಗುವುದರಿಂದ ತಪ್ಪು ಯಾರದೆಂದು ಜೀನೋಮ್ ಓದಿ ಹೇಳಲಾಗುತ್ತಿಲ್ಲ. ಯೂಟಾದಲ್ಲಿ ನೆಲೆಸಿದ ಹೇಗ್‌ಮನ್ ತಂಡ ತಮ್ಮ ಸಂಗ್ರಹದ ದಾನದ ಕಣ್ಣುಗಳಲ್ಲಿ ಹತ್ತನೆಯ ಕ್ರೋಮೋಸೋಮಿನ ದೋಷವಿರುವವರ ವರ್ಣಕೋಶಗಳನ್ನು ಬೇರೆ ಮಾಡಿ ನೋಡಿ, ಅಲ್ಲಿ ಎಚ್‌ಟಿಆರ್‌ಎ1 ಪ್ರೋಟೀನು ವಯಸ್ಸಿನೊಂದಿಗೆ ಹೆಚ್ಚಬೇಕಾದಷ್ಟು ಹೆಚ್ಚುವುದಿಲ್ಲ ಎಂದು 2021ರಲ್ಲಿ ವರದಿ ಮಾಡಿತು. ಅದಕ್ಕೆ ಮೊದಲು ಹಲವರು ಆ ಪ್ರೋಟೀನು ಅತಿಯಾಗುವುದರಿಂದಲೇ ರೋಗ ಬರುತ್ತದೆಂದು ನಂಬಿ ಅದನ್ನು ತಡೆಯುವ ಔಷಧ ತಯಾರಿಸಲು ಹೊರಟಿದ್ದರು. ಯಾರು ಸರಿಯೆಂದು ತೀರ್ಮಾನಿಸಲು ಬೇಕಾದದ್ದು ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಜನಾಂಗದ, ಸತ್ತ ಕೆಲವೇ ಗಂಟೆಗಳಲ್ಲಿ ತೆಗೆದಿಟ್ಟ ಮನುಷ್ಯರ ಕಣ್ಣುಗಳು.